ಇಂದುವಿನ ಎತ್ತರ

ಭರಮಪ್ಪ ಒಳ್ಳೆಯವನಾಗಿದ್ದಾನಂತೆ ಎಂದು ನನಗೆ ಮೊದಲು ಹೇಳಿದವಳು ಎದುರುಮನೆಯ ದ್ಯಾಮವ್ವ. ಅವಳು ಬಾಳೆಹಣ್ಣು ಮಾರುವವಳು. ಓಣಿಯ ಗಾಳಿಯಲ್ಲಿ ನಿಂತ ಕಲ್ಲೊಂದಕ್ಕೆ ಗೊನೆ ಕಟ್ಟುತ್ತ, ನನಗೆ ಬೆನ್ನು ಮಾಡಿಕೊಂಡೇ ಹೇಳಿದಳು. ಮುಖ ನೋಡಿ ಹೇಳುವ ಧೈರ್ಯ ಅವಳಿಗಿರಲಿಲ್ಲ. ನಾನು ಕಟ್ಟೆಯ ಮೇಲೆ ಕುಳಿತು ಕೌದಿ ಹೊಲಿಯುತ್ತಿದ್ದೆ. ಒಳ್ಳೆಯವನಾಗಿದ್ದರೆ ಅವನ ಹೆಂಡತಿ ಹೋಳಿಗೆ ಮಾಡಿ ಹಂಚಲಿ, ನನ್ನ ಮುಂದೆ ಯಾಕೆ ತುತ್ತೂರಿ ಊದುತ್ತೀ ಎಂದೆ. ಎರಡು ದಿನ ಅವಳು ನನ್ನೊಂದಿಗೆ ಮಾತಾಡಲಿಲ್ಲ. ಮೂರನೆಯ ದಿನ ತಾನಾಗಿಯೇ ಬಂದು ಚಹಾ ಕೇಳಿದಳು.

ನಮ್ಮ ಊರಲ್ಲಿ ಸಿಟ್ಟಿನಿಂದ ಎಸೆದ ಕಲ್ಲು ನೆಲಕ್ಕೆ ಬೀಳುವುದಿಲ್ಲ. ಎಲ್ಲಿ ತಾಗಿತೋ ಅಲ್ಲೇ ಗಾಳಿಯಲ್ಲಿ ನಿಂತುಬಿಡುತ್ತದೆ. ಎಸೆದವನೇ ಬಂದು ಕೈಯಿಂದ ಹಿಡಿದು ಇಳಿಸಬೇಕು. ಅವನ ಹೊಟ್ಟೆಯೊಳಗಿನ ಸಿಟ್ಟು ಇಳಿಯದಿದ್ದರೆ ಎತ್ತು ಕಟ್ಟಿ ಎಳೆದರೂ ಕದಲುವುದಿಲ್ಲ. ಹೊರಗಿನಿಂದ ಬಂದವರು ಬಾಯಿ ತೆರೆದು ನೋಡುತ್ತಾರೆ. ನಮಗೆ ಅದು ತಲೆನೋವು, ನಿಜವಾದ ತಲೆನೋವು. ಹೊಸ ಅಳಿಯಂದಿರು ಹಣೆ ಊದಿಸಿಕೊಳ್ಳದೆ ಮಾವನ ಮನೆ ಮುಟ್ಟುವುದಿಲ್ಲ. ಪುರಸಭೆಯವರು ವರ್ಷಕ್ಕೊಮ್ಮೆ ಏಣಿ ಹೊತ್ತು ಬಂದು, ಕತ್ತಲೆಯಲ್ಲೂ ಕಾಣಲಿ ಎಂದು ಕಲ್ಲುಗಳಿಗೆಲ್ಲ ಸುಣ್ಣ ಬಳಿದು ಹೋಗುತ್ತಾರೆ. ಜನ ಅವುಗಳಿಗೆ ಬಟ್ಟೆ ಒಣಹಾಕುವ ಹಗ್ಗ ಕಟ್ಟುತ್ತಾರೆ, ಮದುವೆಯಲ್ಲಿ ತೋರಣ ಕಟ್ಟುತ್ತಾರೆ, ಒಬ್ಬಳು ತೊಟ್ಟಿಲನ್ನೂ ಕಟ್ಟಿದ್ದಾಳೆ. ಎಸೆದವರು ಸತ್ತುಹೋದ ಕಲ್ಲುಗಳೇ ಹೆಚ್ಚು. ಅವು ಇನ್ನು ಇಳಿಯುವ ಮಾತಿಲ್ಲ. ನನ್ನ ಮಾವ ಯಾವುದೋ ಕಾಲದಲ್ಲಿ ಅತ್ತೆಗೆ ಎಸೆದ ಬೆಣಚುಕಲ್ಲು ನಮ್ಮ ಅಡಿಗೆಮನೆಯಲ್ಲಿ ಒಲೆಯ ಮೇಲುಗಡೆ ಇದೆ. ಇಬ್ಬರೂ ಹೋಗಿ ಇಪ್ಪತ್ತು ವರ್ಷವಾಯಿತು. ಅದಕ್ಕೆ ನಾನು ಬೆಳ್ಳುಳ್ಳಿ ಗೊಂಚಲು ಕಟ್ಟುತ್ತೇನೆ.

ನನ್ನ ಬಾಗಿಲ ಮುಂದಿನ ಕಲ್ಲಿಗೆ ಮಾತ್ರ ನಾನು ಏನನ್ನೂ ಕಟ್ಟಿಲ್ಲ, ಯಾರಿಗೂ ಕಟ್ಟಗೊಟ್ಟಿಲ್ಲ. ಪುರಸಭೆಯವನ ಸುಣ್ಣದ ಬಕೀಟನ್ನು ಒಮ್ಮೆ ಒದ್ದು ಉರುಳಿಸಿದೆ. ಅದು ನನ್ನ ಮಗಳು ಇಂದುಮತಿಯ ಕಿವಿಯ ಮೇಲ್ಗಡೆ ಬಡಿದ ಕಲ್ಲು. ಅವಳು ಬಿದ್ದಳು, ಕಲ್ಲು ಅಲ್ಲೇ ನಿಂತಿತು. ಹತ್ತೊಂಬತ್ತು ವರ್ಷದ ಹುಡುಗಿ, ನನಗಿಂತ ಒಂದು ಗೇಣು ಎತ್ತರ. ಎರಡು ವರ್ಷದವಳಿದ್ದಾಗಲೇ ನನ್ನ ಗಂಡ ತೀರಿಕೊಂಡಿದ್ದ. ಕೌದಿ ಹೊಲಿದು ಬೆಳೆಸಿದೆ. ಅವಳು ಹೋದ ಮೇಲೆ ದಿನಾ ಬೆಳಿಗ್ಗೆ ಕಸ ಗುಡಿಸುವಾಗ ಆ ಕಲ್ಲಿನ ಕೆಳಗೆ ನಿಂತು ತಲೆ ಎತ್ತಿ ನೋಡುತ್ತಿದ್ದೆ. ಅವಳ ಮುಖ ನೋಡಬೇಕಾದರೆ ನಾನು ಎಷ್ಟು ತಲೆ ಎತ್ತಬೇಕಾಗುತ್ತಿತ್ತೋ ಅಷ್ಟೇ. ಫೋಟೋ ಇದೆ, ಶಾಲೆಯಲ್ಲಿ ತೆಗೆಸಿದ್ದು. ಅದರಲ್ಲಿ ಎಲ್ಲ ಮಕ್ಕಳೂ ಕುಳಿತಿದ್ದಾರೆ.

ಜಗಳ ಯಾಕಾಯಿತೆಂದು ಈಗ ಕೇಳಿದರೆ ನಾಚಿಕೆಯಾಗುತ್ತದೆ. ನಾವು ನೀರಿನವರು. ಹೊತ್ತು ಹುಟ್ಟುವಾಗ ಒಂದು ತಂಬಿಗೆ ನೀರನ್ನು ನೆಲಕ್ಕೆ ಸುರಿದು ಕೈಮುಗಿಯುತ್ತೇವೆ. ಅಗಸಿಯ, ಅಂದರೆ ಊರ ಹೆಬ್ಬಾಗಿಲಿನ, ಆಚೆ ಇರುವವರು ದೀಪದವರು. ಹೊತ್ತು ಮುಳುಗುವಾಗ ದೀಪ ಹಚ್ಚಿ ಕೈಮುಗಿಯುತ್ತಾರೆ. ಅಗಸಿಯ ಬುಡದಲ್ಲಿ ಅವರು ಇಟ್ಟ ದೀಪವೊಂದು ನಮ್ಮವರು ಚೆಲ್ಲಿದ ನೀರಿಗೆ ಆರಿತಂತೆ. ಬೇಕೆಂದೇ ಆರಿಸಿದರು ಎಂದು ಅವರು, ದಾರಿಯಲ್ಲಿ ಯಾಕಿಟ್ಟಿರಿ ಎಂದು ನಮ್ಮವರು. ಆಚೆಯ ಪಡ್ಡೆ ಹುಡುಗರಿಗೆಲ್ಲ ಈ ಭರಮಪ್ಪ ನಾಯಕ. ನೀರಿನವರ ನೆರಳು ಬಿದ್ದ ಗೋಡೆಯನ್ನೂ ಕೆಡವಬೇಕೆಂದು ಅಗಸಿಯ ಕಟ್ಟೆ ಹತ್ತಿ ಭಾಷಣ ಮಾಡುತ್ತಿದ್ದ. ನಾಲ್ಕು ದಿನ ಕಲ್ಲು ಹಾರಾಡಿದವು. ನಾಲ್ಕನೆಯ ದಿನ ಮಧ್ಯಾಹ್ನ, ನಮ್ಮ ಓಣಿ ಸುಮ್ಮನಿದ್ದಾಗ, ಹಗ್ಗದ ಮೇಲಿನ ಕೌದಿ ಒಣಗಿರಬೇಕು, ತಗೊಂಡು ಬಾ ಎಂದು ಇಂದುವನ್ನು ಹೊರಗೆ ಕಳಿಸಿದವಳು ನಾನು. ಇದನ್ನು ಹನ್ನೊಂದು ವರ್ಷ ಯಾರಿಗೂ ಹೇಳಿರಲಿಲ್ಲ. ಆಮೇಲೆ ಪೊಲೀಸರು ಅಗಸಿಯ ಬಾಗಿಲು ಮುಚ್ಚಿ ಬೀಗ ಹಾಕಿದರು. ಭರಮಪ್ಪನಿಗೆ ಒಂಬತ್ತು ವರ್ಷ ಜೈಲಾಯಿತು.

ಜೈಲಿನಲ್ಲಿ ಅವನಿಗೆ ದೇವರು ಸಿಕ್ಕ ಕಥೆಯನ್ನು ನಾನು ಕೇಳದಿದ್ದರೂ ಕೇಳಿದ್ದೇನೆ, ಬಿಡುಗಡೆಯಾದ ಮೇಲೆ ಅವನನ್ನು ನಿಲ್ಲಿಸಿ ಮಾತಾಡಿಸುವ ಶಾಂತಿ ಸಮಿತಿಯ ಮೈಕು ಅಷ್ಟು ಜೋರು. ಅವನ ಕೋಣೆಯಲ್ಲಿ ಅಂದಾನಪ್ಪ ಎಂಬ ನೀರಿನವರ ಮುದುಕನಿದ್ದನಂತೆ. ಬೆಳಿಗ್ಗೆ ತನ್ನ ಪಾಲಿನ ಕುಡಿಯುವ ನೀರಿನಲ್ಲಿ ಅರ್ಧವನ್ನು ನೆಲಕ್ಕೆ ಸುರಿದು ಕೈಮುಗಿಯುತ್ತಿದ್ದನಂತೆ. ಇವನು ದಿನಾ ತಂಬಿಗೆಯನ್ನು ಒದೆಯುತ್ತಿದ್ದ. ಮುದುಕ ಉರುಳಿದ ತಂಬಿಗೆ ಎತ್ತಿ, ಉಳಿದ ಗುಟುಕನ್ನು ಸುರಿದು, ಆ ದಿನ ಬಾಯಾರಿಕೊಂಡೇ ಇರುತ್ತಿದ್ದ. ಬೈಯಲಿಲ್ಲ, ದೂರು ಕೊಡಲಿಲ್ಲ. ಎರಡು ವರ್ಷ ಹೀಗೆ. ಒಂದು ಬೆಳಿಗ್ಗೆ ಮುದುಕ ಏಳಲಿಲ್ಲ. ಹೆಣ ಒಯ್ದ ಮರುದಿನ ಹೊತ್ತು ಹುಟ್ಟಿತು, ನೀರು ಸುರಿಯುವವರಿಲ್ಲ, ಒದೆಯಲು ತಂಬಿಗೆಯೂ ಇಲ್ಲ. ತನಗೆ ಉಸಿರು ಕಟ್ಟಿದಂತಾಯಿತು ಎನ್ನುತ್ತಾನೆ ಭರಮಪ್ಪ. ತನ್ನ ಪಾಲಿನ ನೀರನ್ನು ತಾನೇ ಸುರಿದನಂತೆ, ಆ ಒದ್ದೆ ನೆಲದ ಮೇಲೆ ಬೋರಲು ಬಿದ್ದು ಅತ್ತನಂತೆ. ನೆಲದಿಂದ ಯಾರೋ ಸಾಕು ಏಳು ಅಂದರಂತೆ. ಅಂದಿನಿಂದ ಅವನು ಬೆಳಿಗ್ಗೆ ನೀರನ್ನೂ ಸುರಿಯುತ್ತಾನೆ, ಸಂಜೆ ದೀಪವನ್ನೂ ಹಚ್ಚುತ್ತಾನೆ. ಕೇಳಿದವರೆಲ್ಲ ಕಣ್ಣೊರೆಸಿಕೊಳ್ಳುತ್ತಾರೆ.

ನನಗೆ ಮೈ ಉರಿಯುತ್ತಿತ್ತು. ಅಷ್ಟು ದೂರ ಜೈಲಿನ ಗೋಡೆ ದಾಟಿ ಕೊಲೆಗಾರನನ್ನು ಮಾತಾಡಿಸಿ ಬಂದ ದೇವರಿಗೆ ನಮ್ಮ ಓಣಿ ದಾರಿಯಲ್ಲೇ ಸಿಗುತ್ತಿತ್ತು. ಒಂದು ಗಳಿಗೆ ನನ್ನ ಕಟ್ಟೆಯ ಮೇಲೆ ಕೂತು ಹೋಗಬಹುದಿತ್ತು. ನಾನೂ ಬೋರಲು ಬಿದ್ದು ಅತ್ತಿದ್ದೇನೆ, ಒಂದು ಸಲವಲ್ಲ. ನನಗೆ ಏಳು ಎಂದವಳು ದ್ಯಾಮವ್ವ ಒಬ್ಬಳೇ, ಅದೂ ಒಲೆಯ ಮೇಲೆ ಹಾಲು ಉಕ್ಕುತ್ತಿದೆ ಎಂದು.

ಬಿಡುಗಡೆಯಾಗಿ ಬಂದ ಮೇಲೆ ಎರಡು ವರ್ಷ ಅವನು ಊರೆಲ್ಲ ತಿರುಗಿ ತನ್ನ ಕಲ್ಲುಗಳನ್ನು ಇಳಿಸಿದ. ತಾನು ಒಡೆದ ಅಂಗಡಿಗಳ ಮುಂದೆ, ಮಂದಿಯ ಅಂಗಳದಲ್ಲಿ, ಆಸ್ಪತ್ರೆಯ ಗೇಟಿನಲ್ಲಿ. ಹೋದಲ್ಲೆಲ್ಲ ಹೊಸಲಿನ ಹೊರಗೆ ನಿಂತು ಕೇಳಿ, ಒಪ್ಪಿದರೆ ಕಲ್ಲು ಹಿಡಿದು ಇಳಿಸಿ, ಏಟು ತಿಂದವರ ಕೈಗೆ ಕೊಡುತ್ತಿದ್ದ. ಅವರು ಅದನ್ನು ಕೆರೆಗೆ ಹಾಕಿ ಬರುವುದು ನಮ್ಮಲ್ಲಿ ಪದ್ಧತಿ. ದೀಪದವರ ಹುಡುಗರು ಎರಡು ಸಲ ಅವನನ್ನು ಹಿಡಿದು ಬಡಿದರು, ನೀರಿನವರ ಕಡೆ ಸೇರಿದ್ದಾನೆಂದು. ಹಲ್ಲು ಹೋಯಿತು. ಮರುದಿನ ಅದೇ ಹುಡುಗರನ್ನು ಕರೆದುಕೊಂಡು ನಮ್ಮ ಕಡೆಯ ಸುಟ್ಟ ಮನೆಯೊಂದಕ್ಕೆ ಹಂಚು ಹೊದಿಸಿದ. ಮೊದಲು ಭರಮ್ಯಾ ಎಂದು ಉಗುಳುತ್ತಿದ್ದ ನಮ್ಮವರ ಬಾಯಲ್ಲಿ ಈಗ ಭರಮಣ್ಣಾರು ಎಂಬ ಹೆಸರು. ಅವನು ಎಸೆದ ಕಲ್ಲುಗಳಲ್ಲಿ ಕಡೆಗೆ ಉಳಿದದ್ದು ಒಂದೇ. ಅದು ನನ್ನ ಬಾಗಿಲ ಮುಂದಿನದು.

ಅಲ್ಲಿಂದ ನನ್ನ ಮನೆಗೆ ಬರುವವರು ಹೆಚ್ಚಾದರು. ಎಲ್ಲರಿಗಿಂತ ಮೊದಲು ಬಂದವರು ನಮ್ಮ ಓಣಿಯ ಹಿರಿಯರು ತೋಟಪ್ಪನವರು. ಆ ಕಲ್ಲು ಇಳಿದ ದಿನವೇ ಅಗಸಿಯ ಬೀಗ ತೆಗೆಯುತ್ತೇವೆಂದು ಮೇಲಿನ ಅಧಿಕಾರಿಗಳು ಮಾತು ಕೊಟ್ಟಿದ್ದರಂತೆ. ಅಗಸಿ ಮುಚ್ಚಿದ್ದರಿಂದ ಆಸ್ಪತ್ರೆಗೆ ಹೋಗಬೇಕಾದರೂ ಹಿಟ್ಟಿನ ಗಿರಣಿಗೆ ಹೋಗಬೇಕಾದರೂ ನಮ್ಮವರು ಕೆರೆಯ ಏರಿ ಸುತ್ತಬೇಕು, ಅದು ಸುಳ್ಳಲ್ಲ. ಕಳೆದ ವರ್ಷ ತೋಟಪ್ಪನವರ ಸೊಸೆಗೆ ಏರಿಯ ಮೇಲೆ ಎತ್ತಿನ ಗಾಡಿಯಲ್ಲೇ ಹೆರಿಗೆಯಾಯಿತು, ಅದೂ ಸುಳ್ಳಲ್ಲ. ಆದರೆ ಅವರು ನನ್ನ ಕಟ್ಟೆಯ ಮೇಲೆ ಕುಳಿತು, ನನ್ನ ಚಹಾ ಕುಡಿದು ಹೇಳಿದ ಮಾತು ನನ್ನ ಎದೆಗೆ ನೆಟ್ಟಿತು.

"ಕಸ್ತೂರೆವ್ವಾ, ಹೋದ ಹುಡುಗಿ ಬರೂದಿಲ್ಲ. ನಿನ್ನ ಒಂದು ಕಲ್ಲಿನ ಸಲುವಾಗಿ ಇಡೀ ಓಣಿ ಎಷ್ಟು ವರ್ಷ ಸುತ್ತ ಹಾಕ್ಬೇಕು, ನೀನ ಹೇಳು."

ನನ್ನ ಕಲ್ಲಂತೆ. ನಾನು ಎಸೆದಂತೆ. ಚಹಾದ ಕಪ್ಪು ಬಸಿ ಒಳಗಿಟ್ಟು ಬಂದು, ಗಾಡಿಯಲ್ಲಿ ಹುಟ್ಟಿದ ನಿಮ್ಮ ಮೊಮ್ಮಗಳು ಆರೋಗ್ಯವಾಗಿದ್ದಾಳಲ್ಲ, ಅವಳಿಗೆ ಹತ್ತೊಂಬತ್ತು ತುಂಬಲಿ, ಆಗ ಬಂದು ಈ ಮಾತು ಹೇಳಿ ಎಂದೆ. ಅವರು ಪಾಪ, ಎದ್ದು ಹೋದರು. ನಾನು ಹಾಗೆ ಅನ್ನಬಾರದಿತ್ತು. ಅಂದದ್ದಕ್ಕೆ ಬೇಸರವೂ ಆಗಲಿಲ್ಲ.

ಓಣಿಯವರ ವರಸೆ ಬದಲಾಯಿತು. ಕೌದಿ ಹೊಲಿಸಲು ಹಳೆಯ ಸೀರೆ ಕೊಟ್ಟವರು ವಾಪಸು ಕೇಳತೊಡಗಿದರು. ನಳದ ಹತ್ತಿರ ನಾನು ಹೋದರೆ ಮಾತು ನಿಲ್ಲುತ್ತಿತ್ತು. ಹನ್ನೊಂದು ವರ್ಷದ ಹಿಂದೆ ಇದೇ ಹೆಂಗಸರು ನನ್ನ ಮಗಳ ಹೆಣದ ಮೇಲೆ ಬಿದ್ದು, ಆ ಭರಮ್ಯಾನ ವಂಶ ನಿರ್ವಂಶವಾಗಲಿ ಎಂದು ಮಣ್ಣು ತೂರಿದ್ದರು. ಈಗ ಕಲ್ಲೆದೆಯವಳು ನಾನು. ಇಲ್ಲಿ ಒಂದು ಮಾತು ಹೇಳಬೇಕು. ಕಲ್ಲು ಹೋದರೆ ಇಂದುವಿನ ಗುರುತು ಹೋಗುತ್ತದೆಂಬ ಸಂಕಟವಿತ್ತು, ಹೌದು. ಆದರೆ ಅದಕ್ಕಿಂತ ದೊಡ್ಡ ಅಂಜಿಕೆ ಬೇರೆ ಇತ್ತು. ಅವನು ಕೈ ಹಾಕಿದಾಗ ಕಲ್ಲು ಸಲೀಸಾಗಿ ಬಂದುಬಿಟ್ಟರೆ? ಅವನು ನಿಜವಾಗಿಯೂ ಬದಲಾಗಿದ್ದಾನೆಂದು ಊರೆಲ್ಲ ನೋಡಿಬಿಟ್ಟರೆ? ಆಮೇಲೆ ನಾನು ಯಾರನ್ನು ಶಪಿಸಲಿ?

ಕಡೆಗೆ ಅವನೇ ಬಂದ. ಬೆಳಿಗ್ಗೆ ಹತ್ತರ ಹೊತ್ತು, ಒಬ್ಬನೇ, ಬರಿಗಾಲು, ಹೆಗಲ ಮೇಲೊಂದು ಜೋಳಿಗೆ. ನನ್ನ ನೆನಪಿನಲ್ಲಿದ್ದವನು ಹುರಿಮೀಸೆಯ ಹೋರಿಯಂಥ ಹುಡುಗ. ಬಂದವನು ಮುಂದಿನ ಹಲ್ಲಿಲ್ಲದ, ಕೂದಲು ಉದುರಿದ ನಲವತ್ತರ ಗಂಡಸು. ಇವನ ಮೇಲೆ ಸಿಟ್ಟು ಮಾಡುವುದು ಕಷ್ಟವಾದೀತೆಂದು ಹೆದರಿದೆ. ಹಾಗೇನೂ ಆಗಲಿಲ್ಲ. ಅವನು ಕಟ್ಟೆಯಿಂದ ನಾಲ್ಕು ಹೆಜ್ಜೆ ದೂರ ನಿಂತು, ಕಲ್ಲನ್ನು ನೋಡದೆ ನನ್ನ ಕಾಲನ್ನು ನೋಡುತ್ತ ಮಾತಾಡಿದ.

"ಅಕ್ಕಾರ, ಇದನ್ನ ಇಳಸಾಕ ನಿಮ್ಮ ಒಪ್ಪಿಗಿ ಕೇಳಾಕ ಬಂದೀನ್ರಿ."

"ಆವತ್ತು ಕೇಳಿ ಒಗದಿದ್ದೇನು?"

ಅವನು ಇಲ್ಲವೆಂದು ತಲೆಯಾಡಿಸಿದ. ಹೋಗಲಿಲ್ಲ, ನಿಂತೇ ಇದ್ದ. ನಾನು ಹೊಲಿಯುವವಳಂತೆ ಸೂಜಿ ಹಿಡಿದು ಕುಳಿತೆ. ನೀನು ಮೈಕಿನಲ್ಲಿ ಎಲ್ಲವನ್ನೂ ಹೇಳುತ್ತೀ, ಮುದುಕನ ತಂಬಿಗೆ ಎಷ್ಟು ಸಲ ಒದ್ದೆ ಎಂಬುದನ್ನೂ ಹೇಳುತ್ತೀ, ನನ್ನ ಮಗಳ ಮಾತು ಬಂದಾಗ ಮಾತ್ರ ಗದ್ದಲದಲ್ಲಿ ಕಲ್ಲು ತಾಗಿತು ಅನ್ನುತ್ತೀ, ಅದು ಹೇಗೆ ತಾಗಿತು ಎಂದು ಕೇಳಿದೆ. ದ್ಯಾಮವ್ವ ಎದುರಿನ ಬಾಗಿಲಲ್ಲಿ ನಿಂತು ಬಾಳೆಹಣ್ಣು ಒರೆಸಿದ್ದನ್ನೇ ಒರೆಸುತ್ತಿದ್ದಳು.

"ಗುರಿ ಇಟ್ಟ ಒಗದೆ ಅಕ್ಕಾರ. ಗದ್ದಲ ಇರ್ಲಿಲ್ಲ. ಆಕಿ ಕೌದಿ ಮಡಿಚಾಕತ್ತಿದ್ಲು. ನನ್ನ ಕೈಯಾಗ ಕಲ್ಲು ನೋಡಿದ್ಲು. ಅಂಜಿ ಓಡಿದ್ರ ಬಿಡ್ತಿದ್ನೋ ಏನೋ. ಓಡ್ಲಿಲ್ಲ. ನಾಲ್ಕೂ ಮೂಲಿ ಕೂಡಿಸಿ, ಸುಕ್ಕು ತಗದು, ಸಾವಕಾಶ ಮಡಿಚಿದ್ಲು. ಅದು ನನಗ ತಡೀಲಿಲ್ಲ."

ನನ್ನ ಇಂದು ಕೌದಿ ಮಡಚುವ ರೀತಿಗೆ ನಾನು ಸದಾ ಬೈಯುತ್ತಿದ್ದೆ. ಉಂಡೆ ಮಾಡಿ ಬಿಸಾಕುತ್ತಿದ್ದಳು. ಮೂಲೆಗೆ ಮೂಲೆ ಕೂಡಿಸು, ಸುಕ್ಕು ತೆಗೆ ಎಂದು ದಿನಕ್ಕೆ ಹತ್ತು ಸಲ ಹೇಳಿ ಬಾಯಿ ನೋಯಿಸಿಕೊಳ್ಳುತ್ತಿದ್ದೆ. ಆ ಒಂದು ದಿನ ನನ್ನ ಮಾತು ಕೇಳಿದ್ದಳು. ಅದನ್ನು ನೋಡಿದವನು ಈ ಭೂಮಿಯ ಮೇಲೆ ಇವನೊಬ್ಬನೇ. ಹನ್ನೊಂದು ವರ್ಷ ಅದನ್ನು ತನ್ನಲ್ಲೇ ಇಟ್ಟುಕೊಂಡಿದ್ದ. ಆ ಸಿಟ್ಟಿಗೆ ನನ್ನಲ್ಲಿ ಹೆಸರಿಲ್ಲ.

ಇದನ್ನು ಜನರಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಸಮಿತಿಯವರು ಬೇಡವೆಂದರಂತೆ. ಗದ್ದಲದಲ್ಲಿ ಆದದ್ದನ್ನು ಜನ ಮರೆಯುತ್ತಾರೆ, ಗುರಿ ಇಟ್ಟದ್ದನ್ನು ಮರೆಯುವುದಿಲ್ಲ, ಊರು ಮತ್ತೆ ಹೊತ್ತಿಕೊಂಡೀತು ಅಂದರಂತೆ. ತನ್ನ ಹೆಂಡತಿಗೂ ಅವನು ಹೇಳಿರಲಿಲ್ಲ. ಅವಳು ಒಂಬತ್ತು ವರ್ಷ ಕಾದದ್ದು ಕೈ ತಪ್ಪಿ ಕೊಂದವನಿಗಾಗಿ, ಗುರಿ ಇಟ್ಟವನಿಗಾಗಿ ಅಲ್ಲ ಎಂದ. ನನಗೆ ದಾರಿ ಸಿಕ್ಕಿತು. ಅವನಿಂದ ಆಗದ್ದನ್ನು ಕೇಳಿದರೆ ಅವನೇ ಹಿಂದೆ ಸರಿಯುತ್ತಾನೆ, ಕಲ್ಲು ನನ್ನ ಬಾಗಿಲಲ್ಲೇ ಉಳಿಯುತ್ತದೆ.

"ಇದನ್ನ ಮೈಕಿನ್ಯಾಗ ಹೇಳು," ಎಂದೆ. "ಇದ ಓಣ್ಯಾಗ ನಿಂತು, ನಿನ್ನ ಹೆಂಡ್ತಿ ಮುಂದ, ನಿಮ್ಮ ಹುಡುಗ್ರ ಮುಂದ ಹೇಳು. ಹೇಳಿ ಆಮ್ಯಾಲ ಕಲ್ಲಿಗೆ ಕೈ ಹಚ್ಚು."

ಅವನು ನೆಲದ ಮಣ್ಣನ್ನು ಮುಟ್ಟಿ ಹಣೆಗಿಟ್ಟುಕೊಂಡು ಹೋದ. ಹೇಳಲಾರ ಎಂದುಕೊಂಡೆ. ಆ ದಿನ ಎಷ್ಟೋ ವರ್ಷದ ಮೇಲೆ ಹೊಟ್ಟೆತುಂಬ ಉಂಡೆ.

ಎಂಟು ದಿನಕ್ಕೆ ಓಣಿಯಲ್ಲಿ ಪೆಂಡಾಲು ಬಂತು. ತೋಟಪ್ಪನವರು ತಲೆಗೆ ಹೊಸ ಪಟಗ ಸುತ್ತಿಕೊಂಡು ಬಂದಿದ್ದರು. ಸಮಿತಿಯವರು ಕುರ್ಚಿ ತಂದರು, ಅಗಸಿಯ ಬೀಗದ ಕೈ ಹಿಡಿದ ಅಧಿಕಾರಿಯೊಬ್ಬರು ಬಂದರು. ಏರಿ ಸುತ್ತಿಕೊಂಡು ದೀಪದವರೂ ಬಂದು ಪೆಂಡಾಲಿನ ಆ ಬದಿಗೆ ನಿಂತರು. ಹನ್ನೊಂದು ವರ್ಷದಲ್ಲಿ ಅವರನ್ನು ಅಷ್ಟು ಹತ್ತಿರದಿಂದ ನಾನು ನೋಡಿರಲಿಲ್ಲ. ನಮ್ಮ ಹಾಗೆಯೇ ಬೆವರುತ್ತಿದ್ದರು. ಭರಮಪ್ಪನ ಹೆಂಡತಿ ತೆಳ್ಳಗಿನ ಹೆಂಗಸು, ಹಸಿರು ಸೀರೆ ಉಟ್ಟಿದ್ದಳು. ಮುಂದಿನ ಸಾಲಿನಲ್ಲಿ ಕುಳಿತಿದ್ದಳು. ಮುದುಕನ ತಂಬಿಗೆಯ ಕಥೆ ಮತ್ತೆ ಬರುತ್ತದೆಂದು ಜನ ಸೆರಗು ಸಿದ್ಧ ಮಾಡಿಕೊಂಡಿದ್ದರು.

ಅವನು ತಂಬಿಗೆಯ ಕಥೆ ಹೇಳಲಿಲ್ಲ. ಮೈಕು ಹಿಡಿದು, ನನಗೆ ಹೇಳಿದ್ದನ್ನೇ ಹೇಳಿದ. ಒಂದು ಶಬ್ದ ಹೆಚ್ಚಿಲ್ಲ, ಒಂದು ಶಬ್ದ ಕಡಿಮೆಯಿಲ್ಲ. ಕೌದಿ, ನಾಲ್ಕು ಮೂಲೆ, ಸುಕ್ಕು, ಗುರಿ. ಸಮಿತಿಯ ಕಾರ್ಯದರ್ಶಿ ಎದ್ದು ಬಂದು ಮೈಕಿನ ತಂತಿ ಎಳೆದ. ಇವನು ಮೈಕಿಲ್ಲದೆ ಇನ್ನೂ ಗಟ್ಟಿಯಾಗಿ ಹೇಳಿದ. ಇಷ್ಟು ದಿನ ಸುಳ್ಳು ಹೇಳಿದ್ದಕ್ಕೆ ಎರಡೂ ಕಡೆಯವರ ಕಾಲು ಹಿಡಿಯುತ್ತೇನೆಂದ. ಅವನ ಹೆಂಡತಿ ಎದ್ದಳು. ಅವನ ಕಡೆಗೂ ನೋಡಲಿಲ್ಲ, ನನ್ನ ಕಡೆಗೂ ನೋಡಲಿಲ್ಲ. ಸೆರಗು ಸರಿಮಾಡಿಕೊಂಡು ಏರಿಯ ದಾರಿ ಹಿಡಿದು ನಡೆದೇ ಹೋದಳು. ಅವನು ಅವಳು ಹೋಗುವುದನ್ನು ನೋಡಿದ. ಅವಳು ತಿರುವಿನಲ್ಲಿ ಮರೆಯಾದ ಮೇಲೆ ನನ್ನ ಬಾಗಿಲಿಗೆ ಬಂದ.

ಇಳಿಯಬೇಡ, ಇಳಿಯಬೇಡ ಎಂದು ಮನಸ್ಸಿನಲ್ಲೇ ಕಲ್ಲಿಗೆ ಹೇಳಿದೆ. ಅವನು ಬಲಗೈ ಎತ್ತಿ ಅದನ್ನು ಹಿಡಿದ. ಕಲ್ಲು ಬಂತು. ತಡವರಿಸಲಿಲ್ಲ, ಅಲುಗಾಡಲಿಲ್ಲ, ಬಳ್ಳಿಯಿಂದ ಹೀರೇಕಾಯಿ ಕಿತ್ತ ಹಾಗೆ ಬಂತು. ಹನ್ನೊಂದು ವರ್ಷ ನಾನು ಮೈಲಿಗೆಯಾಗದಂತೆ ಕಾದ ಕಲ್ಲು, ಅವನ ಕೈ ತಾಗಿದ ಕೂಡಲೇ ಬಂದುಬಿಟ್ಟಿತು. ಕೆಲವರು ಕೈಮುಗಿದರು. ಅವನು ಎರಡೂ ಕೈಯಲ್ಲಿ ಅದನ್ನು ನನ್ನ ಮುಂದೆ ಹಿಡಿದ. ಅಳುತ್ತಿದ್ದ. ಒಂದು ಮುಷ್ಟಿಯಷ್ಟೂ ಇರಲಿಲ್ಲ ಆ ಕಲ್ಲು. ನಾನು ಅದನ್ನು ತೆಗೆದುಕೊಂಡೆ. ಕೆರೆಗೆ ಹಾಕಲು ನನ್ನ ಜೊತೆ ಬರಲು ದ್ಯಾಮವ್ವ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಳು. ಅವನು ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತ. ಅವನ ಮುಖದಲ್ಲಿ ನನ್ನ ಬಗ್ಗೆ, ನಮ್ಮವರ ಬಗ್ಗೆ, ಯಾರ ಬಗ್ಗೆಯೂ ಹಗೆ ಇರಲಿಲ್ಲ. ಅವನ ಹೊಟ್ಟೆಯಿಂದ ಅದೆಲ್ಲ ಹೋಗಿಯೇ ಹೋಗಿತ್ತು. ನನಗೆ ತಡೆಯಲಾಗಲಿಲ್ಲ. ಎಸೆದೆ.

ಅವನ ಬಲಭುಜದ ಎಲುಬಿಗೆ ಬಿತ್ತು. ಒಣ ಕಟ್ಟಿಗೆ ಮುರಿದಂಥ ಸದ್ದಾಯಿತು. ಅವನು ಒಂದು ಹೆಜ್ಜೆ ಹಿಂದಾದ, ಕಲ್ಲು ಅಲ್ಲೇ ನಿಂತಿತು. ದೀಪದವರ ಹುಡುಗರು ಬಗ್ಗಿ ಕಲ್ಲು ಎತ್ತಿಕೊಂಡರು. ನಮ್ಮವರೂ ಬಗ್ಗಿದರು. ಹನ್ನೊಂದು ವರ್ಷದ ಹಿಂದೆ ಹೇಗೋ ಹಾಗೆಯೇ, ಅಷ್ಟೇ ಬೇಗ. ಭರಮಪ್ಪ ಎರಡು ಗುಂಪಿನ ನಡುವೆ ನೆಲಕ್ಕೆ ಕುಳಿತುಬಿಟ್ಟ. ತೋಳು ಜೋತಾಡುತ್ತಿತ್ತು, ಅಂಗಿ ಕೆಂಪಾಗುತ್ತಿತ್ತು.

"ಯಾರೂ ಕೈ ಎತ್ತಬ್ಯಾಡ್ರಿ," ಎಂದ. "ಈ ಕಲ್ಲು ಮೊದಲ ನಂದು. ಈ ತಾಯಿ ನನಗ ತಿರುಗಿ ಕೊಟ್ಟಾಳ, ಅಷ್ಟ. ಅಗಸಿ ತಗೀರಿ."

ಯಾರೂ ಕದಲಲಿಲ್ಲ. ಅವನು ಅದೇ ಮಾತನ್ನು ಮತ್ತೆ ಮತ್ತೆ ಹೇಳಿದ, ದನಿ ಇಳಿಯುತ್ತ ಹೋಯಿತು, ಆದರೂ ಹೇಳಿದ. ಮೊದಲು ಕೈಯಿಂದ ಕಲ್ಲು ಬಿಟ್ಟವನು ದೀಪದವರ ಹುಡುಗ. ಎಸೆಯಲಿಲ್ಲ, ಸುಮ್ಮನೆ ಕಾಲಬಳಿ ಬಿಟ್ಟ. ಅಂಥ ಕಲ್ಲು ನಮ್ಮ ಊರಲ್ಲೂ ನೆಲಕ್ಕೆ ಬೀಳುತ್ತದೆ. ಆಮೇಲೆ ಒಂದೊಂದಾಗಿ ಬಿದ್ದ ಸದ್ದು ಕೇಳಿದೆ. ಅಗಸಿಯ ಬೀಗ ತುಕ್ಕು ಹಿಡಿದಿತ್ತು, ಕಡೆಗೆ ಒಡೆದೇ ತೆಗೆದರು. ಅವನನ್ನು ಆಸ್ಪತ್ರೆಗೆ ಆ ಬಾಗಿಲಿನಿಂದಲೇ ಹೊತ್ತುಕೊಂಡು ಹೋದರು, ಎರಡೂ ಕಡೆಯವರು ಸೇರಿ. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಈಗ ಆರು ತಿಂಗಳಾಯಿತು. ಅಗಸಿಯಲ್ಲಿ ಜನ ಓಡಾಡುತ್ತಾರೆ. ನನ್ನ ಕಲ್ಲು ಓಣಿಯ ನಡುವೆ ಹೆಗಲೆತ್ತರದಲ್ಲಿ ನಿಂತಿದೆ. ದ್ಯಾಮವ್ವ ಮೂರನೆಯ ದಿನವೇ ಅದಕ್ಕೆ ಒಂದು ಗೊನೆ ಕಟ್ಟಿದಳು. ಎತ್ತರ ಸರಿಯಾಗಿದೆ, ಗಿರಾಕಿಗಳು ಬಗ್ಗಬೇಕಿಲ್ಲ ಎಂದಳು. ಅವಳನ್ನು ಬೈದೆ, ನಗುವೂ ಬಂತು. ಪುರಸಭೆಯವನು ಸುಣ್ಣ ಬಳಿಯಲು ಬಂದು ನನ್ನ ಕಡೆ ಹೆದರಿ ನೋಡಿದ. ಬಳಿ ಎಂದೆ. ಅದು ಇಳಿಯಬೇಕೆಂದು ಊರವರು ಯಾರೂ ನನ್ನನ್ನು ಕೇಳುವುದಿಲ್ಲ. ದಿನಾ ಬೆಳಿಗ್ಗೆ ನಾನೇ ಹೋಗಿ ಹಿಡಿದು ಎಳೆಯುತ್ತೇನೆ. ಎರಡೂ ಕೈಯಿಂದ ಎಳೆಯುತ್ತೇನೆ. ಬರುವುದಿಲ್ಲ.

ಆದರೆ ನನ್ನನ್ನು ಕೊರೆದದ್ದು ಅದಲ್ಲ. ಬಾಗಿಲ ಮುಂದೆ ಏನೂ ಇರಲಿಲ್ಲ. ಕಸ ಗುಡಿಸುವಾಗ ತಲೆ ಎತ್ತುತ್ತಿದ್ದೆ, ಎಲ್ಲಿಗೆ ನಿಲ್ಲಿಸಬೇಕೆಂದು ತಿಳಿಯುತ್ತಿರಲಿಲ್ಲ. ಕೈ ಎತ್ತಿ ಗಾಳಿಯಲ್ಲಿ ಹುಡುಕುತ್ತಿದ್ದೆ. ಒಂದು ದಿನ ಇಲ್ಲಿ ಅನ್ನಿಸುತ್ತಿತ್ತು, ಮರುದಿನ ಒಂದು ಬೆರಳು ಮೇಲೆ, ಇನ್ನೊಂದು ದಿನ ಎಷ್ಟೋ ಕೆಳಗೆ. ಅಳತೆಯ ಕಸುಬಿನವಳು ನಾನು. ಇಂಚು ಪಟ್ಟಿ ಸದಾ ಕೊರಳಲ್ಲಿರುತ್ತದೆ. ಹನ್ನೊಂದು ವರ್ಷದಲ್ಲಿ ಒಂದೇ ಒಂದು ದಿನ ಆ ಕಲ್ಲಿನಿಂದ ನೆಲದವರೆಗೆ ಒಂದು ದಾರ ಹಿಡಿದು ಗಂಟು ಹಾಕಿ ಇಡಬೇಕೆಂದು ನನಗೆ ಹೊಳೆಯಲಿಲ್ಲ. ನಮ್ಮ ಊರಲ್ಲಿ ಯಾರಿಗೂ ಹೊಳೆಯುವುದಿಲ್ಲ, ಕಲ್ಲು ಎಲ್ಲಿ ಹೋಗುತ್ತದೆ ಎಂಬ ಭರವಸೆ. ಕಲ್ಲು ಇಳಿದಾಗ ನಾನು ಕಳೆದುಕೊಂಡದ್ದು ಇಂದುವಿನ ಎತ್ತರವನ್ನು.

ನಿನ್ನೆ ಮಧ್ಯಾಹ್ನ ಭರಮಪ್ಪ ಅಗಸಿ ದಾಟಿ ಬಂದ. ಓಣಿಯ ತುದಿಯ ಮನೆಯವರಿಗೂ ದೀಪದವರೊಬ್ಬರಿಗೂ ಚರಂಡಿಯ ತಕರಾರು, ಅದನ್ನು ಬಗೆಹರಿಸಲು ಬಂದದ್ದು. ಹೆಂಡತಿ ಅಂದಿನಿಂದ ತವರಿನಲ್ಲೇ ಇದ್ದಾಳಂತೆ. ಎಲುಬು ಕೂಡಿದೆ, ಆದರೆ ಸೊಟ್ಟ ಕೂಡಿದೆಯಂತೆ, ಬಲಗೈ ಹೆಗಲಿನ ಮೇಲಕ್ಕೆ ಏಳುವಾಗ ಜೀವ ಹೋಗುತ್ತದೆಂದು ದ್ಯಾಮವ್ವ ಹೇಳಿದ್ದಳು. ನನ್ನ ಮನೆ ಬಂದಾಗ ಅವನು ತಲೆ ತಗ್ಗಿಸಿ ಓಣಿಯ ಆ ಬದಿಗೆ ಸರಿದ. ನಾನು ಹೊಲಿಯುತ್ತಿದ್ದುದನ್ನು ಕೆಳಗಿಟ್ಟು ಕರೆದೆ.

"ಏ ಭರಮ್ಯಾ. ಬಾ ಇಲ್ಲಿ."

ಬಂದ. ಅವನಲ್ಲಿ ಏನನ್ನಾದರೂ ಕೇಳಬೇಕಾಗಿ ಬಂದದ್ದಕ್ಕೆ ನನ್ನ ಮೇಲೆಯೇ ನನಗೆ ಹೇಸಿಗೆಯಾಯಿತು. ಆದರೆ ಬೇರೆ ಯಾರನ್ನು ಕೇಳಲಿ? ಅದನ್ನು ಅಲ್ಲಿ ಇಟ್ಟವನೂ ಅವನೇ, ಅಲ್ಲಿಂದ ತೆಗೆದವನೂ ಅವನೇ.

"ಅದು ಎಷ್ಟ ಎತ್ತರಕ್ಕ ಇತ್ತು, ತೋರ್ಸು," ಎಂದೆ.

ಯಾವುದು ಎಂದು ಅವನು ಕೇಳಲಿಲ್ಲ. ಜೋಳಿಗೆಯನ್ನು ಕೆಳಗಿಟ್ಟು, ಬಾಗಿಲ ಮುಂದೆ ಬಂದು, ಆ ದಿನ ನಿಂತ ಜಾಗದಲ್ಲೇ ನಿಂತ. ಎಡಗೈಯಿಂದ ತೋರಿಸಬಹುದಿತ್ತು. ಬಲಗೈ ಎತ್ತಿದ. ಹೆಗಲಿನ ಮಟ್ಟಕ್ಕೆ ಬಂದಾಗ ಅವನ ಮುಖ ಬೆಳ್ಳಗಾಯಿತು, ಹಲ್ಲು ಕಚ್ಚಿ ಇನ್ನೂ ಎತ್ತಿದ. ಗಾಳಿಯಲ್ಲಿ ಒಂದು ಕಡೆ ಕೈ ನಿಂತಿತು. ಒಂದು ಮುಷ್ಟಿಗಿಂತ ಚಿಕ್ಕ ಕಲ್ಲನ್ನು ಹಿಡಿದಂತೆ ಬೆರಳು ಮಡಚಿಕೊಂಡವು. ಅಲ್ಲೇ. ನೋಡಿದ ಕೂಡಲೇ ನನಗೆ ಗೊತ್ತಾಯಿತು. ನಾನು ಕಟ್ಟೆಯಿಂದಿಳಿದು ಆ ಕೈಯ ಕೆಳಗೆ ಹೋಗಿ ನಿಂತೆ, ತಲೆ ಎತ್ತಿದೆ. ನನ್ನ ಕುತ್ತಿಗೆಗೆ ಆ ಎತ್ತರ ನೆನಪಿತ್ತು. ನನ್ನ ಇಂದು ಇಷ್ಟು ಎತ್ತರವಿದ್ದಳು. ಅಳು ಬಂತು, ಅವನೆದುರು ಅಳಬಾರದೆಂದು ಹೆಣಗಾಡಿದೆ, ಅತ್ತೆ.

ಅವನ ಮೊಣಕೈ ನಡುಗತೊಡಗಿತು. ಬೆವರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು.

"ಇಳಸ್ಲೇನ್ರಿ ಅಕ್ಕಾರ?"

"ಇಳಸಬ್ಯಾಡ," ಎಂದೆ. "ಅಲ್ಲೇ ಹಿಡಿ."

ಅವನು ಹಿಡಿದುಕೊಂಡೇ ನಿಂತ. ನಾನು ಸೆರಗಿನಿಂದ ಮುಖ ಒರೆಸಿಕೊಂಡು, ಇಂಚು ಪಟ್ಟಿ ಕೊರಳಲ್ಲೇ ಇದ್ದರೂ, ಅಳೆಯಲು ದಾರ ತರುವುದಕ್ಕೆ ಒಳಗೆ ಹೋದೆ. ಅವಸರವೇನೂ ಮಾಡಲಿಲ್ಲ.